ವೇಗಕ್ಕೆ ಸಾಕ್ಷಿ ಹೇಳುವ ಪೆಟ್ಟಿಗೆ

2014ರ ಮಾರ್ಚ್ 16ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯದಲ್ಲಿ ರೆಡ್ ಬುಲ್ ತಂಡದ ಡೇನಿಯಲ್ ರಿಕಾರ್ಡೊ ಎರಡನೆಯವರಾಗಿ ಗುರಿ ಮುಟ್ಟಿದರು. ಅದೇ ದಿನ ಆ ಸ್ಥಾನ ಅವರ ಕೈತಪ್ಪಿತು. ಎಂಜಿನ್ನಿಗೆ ಗಂಟೆಗೆ 100 ಕಿಲೋಗ್ರಾಮಿಗಿಂತ ಹೆಚ್ಚಿನ ದರದಲ್ಲಿ ಇಂಧನ ಹರಿಯಕೂಡದೆಂಬುದು ಆ ವರ್ಷ ಜಾರಿಗೆ ಬಂದ ನಿಯಮ. ಹರಿವನ್ನು ಅಳೆಯುವ ಸೆನ್ಸರ್ ಮಿತಿ ಮೀರಿದ್ದನ್ನು ದಾಖಲಿಸಿತ್ತು. ಸೆನ್ಸರೇ ದೋಷಪೂರಿತ, ನಮ್ಮ ಲೆಕ್ಕವೇ ಸರಿ ಎಂದು ತಂಡ ವಾದಿಸಿತು. ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೇಲ್ಮನವಿಯ ವಿಚಾರಣೆ ನಡೆದು ಅದು ವಜಾ ಆಯಿತು.

ವಕೀಲನಾದ ನನಗೆ ಈ ಪ್ರಕರಣ ಕಾರಿನ ಕಥೆಯಾಗಿ ಕಾಣುವುದಿಲ್ಲ, ಸಾಕ್ಷ್ಯದ ಕಥೆಯಾಗಿ ಕಾಣುತ್ತದೆ. ಒಬ್ಬ ಚಾಲಕನ ದುಡಿಮೆ, ಒಂದು ತಂಡದ ಅಂಕಗಳು, ಎಲ್ಲವೂ ಪುಟ್ಟ ಉಪಕರಣವೊಂದರ ಮಾತಿನ ಮೇಲೆ ನಿಂತವು. ಆ ಉಪಕರಣವನ್ನು ಪಾಟೀಸವಾಲಿಗೆ ಒಳಪಡಿಸಬೇಕಾದರೆ ಅದು ಹೇಗೆ ಅಳೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಬಲ್ಲವರು ಬೇಕು. ಆ ಬಲ್ಲವರು ನಮ್ಮ ಗಡಿನಾಡಿನ ಕನ್ನಡ ಶಾಲೆಗಳಿಂದಲೂ ಏಕೆ ಬರಬಾರದು?

ಶಿರೋಳ ತಾಲೂಕಿನ ಅಕಿವಾಟದಂಥ ಊರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಸದ್ದು ಕೇಳಿಯೇ ಎಂಜಿನ್ನಿನ ದೋಷ ಹೇಳುವ ಹುಡುಗರಿದ್ದಾರೆ. ಪಕ್ಕದ ಇಚಲಕರಂಜಿಯಲ್ಲಿ ಮಗ್ಗದ ಮೋಟಾರು ಬಿಚ್ಚಿ ಜೋಡಿಸುವ ಕೈಗಳಿವೆ. ಕೊಲ್ಹಾಪುರದ ಎರಕದ ಕಾರ್ಖಾನೆಗಳಿಂದ ದೇಶದ ವಾಹನಗಳಿಗೆ ಬಿಡಿಭಾಗಗಳು ಹೋಗುತ್ತವೆ. ಅದೇ ನಗರದಲ್ಲಿ ಗೋ-ಕಾರ್ಟ್ ಓಡಿಸಲು ಕಲಿಸುವ ಮೋಹಿತೆ ರೇಸಿಂಗ್ ಅಕಾಡೆಮಿ ಇದೆ. ಅದೇ ನಗರದ ಕೃಷ್ಣರಾಜ್ ಮಹಾಡಿಕ್ ಬ್ರಿಟಿಷ್ ಫಾರ್ಮುಲಾ-3 ಸರಣಿಯವರೆಗೆ ಹೋಗಿ ಸ್ಪರ್ಧಿಸಿದವರು. ಕಬ್ಬಿಣದ ವಿದ್ಯೆ ನಮ್ಮಲ್ಲಿದೆ, ವೇಗದ ಹುಚ್ಚೂ ಇದೆ. ಇವೆರಡರ ನಡುವೆ ಕೂರುವ ಮೂರನೆಯ ವಿದ್ಯೆ, ಅಂದರೆ ಅಳೆಯುವ ಮತ್ತು ದಾಖಲಿಸುವ ವಿದ್ಯೆ, ಇನ್ನೂ ಮನೆಮನೆಗೆ ಬಂದಿಲ್ಲ.

ಅದರ ಅಗತ್ಯವೇನೆಂಬುದನ್ನು ಕಂಬಳ ಚೆನ್ನಾಗಿ ತಿಳಿಸುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರೆಂದು ದಾಖಲಾಯಿತು. ಪತ್ರಿಕೆಗಳು ತ್ರೈರಾಶಿ ಹಾಕಿ 100 ಮೀಟರಿಗೆ 9.55 ಸೆಕೆಂಡ್ ಎಂದು ಲೆಕ್ಕ ತೆಗೆದು ಉಸೇನ್ ಬೋಲ್ಟ್‌ನ 9.58ರೊಡನೆ ಹೋಲಿಸಿದವು. ಗೌಡರ ಸಾಹಸವನ್ನು ಕಿರಿದು ಮಾಡುವ ಮಾತಲ್ಲ ಇದು. ಆದರೆ ಕೋಣಗಳ ಎಳೆತ ಎಷ್ಟು, ಮೊದಲ 20 ಮೀಟರಿನಲ್ಲಿ ವೇಗವೆಷ್ಟು, ಅತಿ ವೇಗ ಎಲ್ಲಿ ಬಂತು ಎಂಬ ಪ್ರಶ್ನೆಗಳಿಗೆ ಒಂದೇ ಒಂದು ಒಟ್ಟು ಸಮಯ ಉತ್ತರ ಕೊಡಲಾರದು. ಓಟದುದ್ದಕ್ಕೂ ಕ್ಷಣಕ್ಷಣಕ್ಕೆ ಅಳೆದಿಟ್ಟ ಅಂಕಿಗಳು ಮಾತ್ರ ಕೊಡಬಲ್ಲವು. ದತ್ತಾಂಶ ದಾಖಲೆ, ಆಡುಮಾತಿನಲ್ಲಿ ಡೇಟಾ ಲಾಗಿಂಗ್, ಎಂದರೆ ಇಷ್ಟೇ.

ರೇಸಿನ ಗಾಡಿಯಲ್ಲಿ ಚಕ್ರದ ವೇಗ, ಥ್ರಾಟಲ್ ತೆರೆದ ಪ್ರಮಾಣ, ಬ್ರೇಕಿನ ಒತ್ತಡ, ಸಸ್ಪೆನ್ಷನ್ನಿನ ಏರಿಳಿತ, ಎಂಜಿನ್ನಿನ ಬಿಸಿ ಇವುಗಳಿಗೆ ಬೇರೆ ಬೇರೆ ಸೆನ್ಸರ್‌ಗಳಿರುತ್ತವೆ. ಅವು ವಿದ್ಯುತ್ ಒತ್ತಡದ ರೂಪದಲ್ಲಿ ಸುದ್ದಿ ಕಳಿಸುತ್ತವೆ. ಪುಟ್ಟ ಗಣಕವೊಂದು ಅದನ್ನು ಅಂಕಿಯಾಗಿಸಿ ಸಮಯದೊಡನೆ ಬರೆದಿಡುತ್ತದೆ. ಈ ಘಟಕಗಳು ಪರಸ್ಪರ ಮಾತಾಡಲು ಬಳಸುವ ‘ಕ್ಯಾನ್’ ಎಂಬ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿತು; ಇಂದು ಸಾಮಾನ್ಯ ಕಾರುಗಳಲ್ಲೂ ಅದಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಇಂಧನ ಸಿಂಪಡಿಸುವ ಇಂಜೆಕ್ಟರೂ ಅದನ್ನಾಳುವ ಇಸಿಯು ಎಂಬ ಗಣಕವೂ ಬಂದಿವೆ. ಹೀಗಾಗಿ ಗ್ಯಾರೇಜಿನಲ್ಲಿ ಪಾನಾ ಹಿಡಿಯುವವನಿಗೂ ಈ ವಿದ್ಯೆ ಈಗ ಅನ್ನದ ಪ್ರಶ್ನೆ.

ಕಲಿಯುವವನು ಮೊದಲು ಎಡವುವುದು ಎಷ್ಟು ಸಲ ಅಳೆಯಬೇಕು ಎಂಬಲ್ಲಿ. ಗಾಡಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಜಿಪಿಎಸ್ ಸೆಕೆಂಡಿಗೆ ಒಮ್ಮೆ ಮಾತ್ರ ಸ್ಥಾನ ಬರೆದರೆ ಎರಡು ಚುಕ್ಕೆಗಳ ನಡುವೆ 20 ಮೀಟರ್ ಕತ್ತಲೆ; ಒಂದು ತಿರುವೇ ಅದರೊಳಗೆ ಮಾಯವಾಗಬಹುದು. ಹತ್ತು ಸಲ ಬರೆದರೆ ಅಂತರ 2 ಮೀಟರಿಗೆ ಇಳಿಯುತ್ತದೆ. ಹಾಗೆಂದು ಎಲ್ಲವನ್ನೂ ಸಾವಿರ ಸಲ ಅಳೆಯುವುದು ಜಾಣತನವಲ್ಲ. ಎಂಜಿನ್ನಿನ ನೀರು ನಿಧಾನಕ್ಕೆ ಕಾಯುತ್ತದೆ, ಅದಕ್ಕೆ ಸೆಕೆಂಡಿಗೊಮ್ಮೆ ಸಾಕು. ತಗ್ಗಿಗೆ ಬಿದ್ದ ಸಸ್ಪೆನ್ಷನ್ನಿಗೆ ನೂರಾರು ಸಲ ಬೇಕು. ಯಾವುದಕ್ಕೆ ಎಷ್ಟು ಎಂಬ ವಿವೇಚನೆಯೇ ಈ ಕಸುಬಿನ ಅರ್ಧ ಭಾಗ.

ಉಳಿದರ್ಧ ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಅಳತೆಯೊಡನೆ ಸೆನ್ಸರನ್ನು ತಾಳೆ ನೋಡುವುದು. ಆರ್ಡ್ವಿನೊ ಊನೊ ಎಂಬ ಕಲಿಕೆಯ ಬೋರ್ಡು 0ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು 1024 ಮೆಟ್ಟಿಲುಗಳಾಗಿ ಒಡೆದು ಓದುತ್ತದೆ. ಬೋರ್ಡು ‘512’ ಎಂದಿತೆನ್ನಿ. ಅದು ಎಷ್ಟು ಮಿಲಿಮೀಟರ್? ಸ್ಕೇಲು ಹಿಡಿದು, ಸಸ್ಪೆನ್ಷನ್ನನ್ನು ಹತ್ತು ಹತ್ತು ಮಿಲಿಮೀಟರ್ ಒತ್ತುತ್ತ, ಪ್ರತಿ ಸಲ ಬಂದ ಅಂಕಿಯನ್ನು ವಹಿಯಲ್ಲಿ ಬರೆದು ನಕ್ಷೆ ಎಳೆದವನಿಗೆ ಮಾತ್ರ ಅದು ಗೊತ್ತು. ಶಾಲೆಯ ಗಣಿತದಲ್ಲಿ ಬರುವ ಸರಳರೇಖೆಯ ನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಕನ್ನಡದಲ್ಲಿ ಕಲಿತವನ ರೇಖೆ ಡೊಂಕಾಗುವುದಿಲ್ಲ.

ಇನ್ನು ತಂತಿಗಳ ಕಾಟ. ಸ್ಪಾರ್ಕ್ ಪ್ಲಗ್ಗಿನ ತಂತಿಯ ಪಕ್ಕದಲ್ಲೇ ಸೆನ್ಸರಿನ ತಂತಿ ಹಾಯಿಸಿದರೆ ನಕ್ಷೆಯಲ್ಲಿ ಮುಳ್ಳುಗಳೇಳುತ್ತವೆ. ಅವನ್ನು ನಿಜವಾದ ಕಂಪನವೆಂದು ನಂಬಿ ಗಾಡಿ ಬಿಚ್ಚಿದವರುಂಟು. ಮೆಮೊರಿ ಕಾರ್ಡು ಬರೆಯಲು ತಡಮಾಡಿದರೆ ನಡುವಿನ ಅಂಕಿಗಳು ಬಿಟ್ಟುಹೋಗುತ್ತವೆ. ಇವನ್ನೆಲ್ಲ ಪುಸ್ತಕಕ್ಕಿಂತ ಬೆಸುಗೆ ಹಾಕುವ ಕೈಯೇ ಬೇಗ ಕಲಿಸುತ್ತದೆ.

ಈ ಕೆಲಸ ಶುರುಮಾಡಲು ರೇಸಿನ ಗಾಡಿ ಬೇಕಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಮೊಬೈಲಿನೊಳಗಿನ ವೇಗೋತ್ಕರ್ಷದ ಸೆನ್ಸರನ್ನೇ ದಾಖಲಕವನ್ನಾಗಿಸುತ್ತದೆ. ಮೊಬೈಲನ್ನು ಸೈಕಲ್ಲಿಗೆ ಬಿಗಿಯಾಗಿ ಕಟ್ಟಿ ಶಾಲೆಯ ಮೈದಾನದಲ್ಲಿ ಬ್ರೇಕ್ ಹಾಕಿ ನೋಡಬಹುದು. ಸೆಕೆಂಡಿಗೆ 5 ಮೀಟರ್ ವೇಗದ ಸೈಕಲ್ಲು 2 ಸೆಕೆಂಡಿನಲ್ಲಿ ಸಮನಾಗಿ ನಿಧಾನವಾಗಿ ನಿಂತರೆ ನಿಲ್ಲುವ ದೂರ 5 ಮೀಟರ್. ಮೊದಲು ಲೆಕ್ಕ ಮಾಡಿ, ಆಮೇಲೆ ಟೇಪಿನಿಂದ ಅಳೆದು, ಕೊನೆಗೆ ಮೊಬೈಲಿನ ನಕ್ಷೆ ನೋಡಲಿ. ಮೂರೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು; ಏಕೆಂದು ಹುಡುಕುವುದರಲ್ಲೇ ಒಂದು ರವಿವಾರ ಕಳೆಯುತ್ತದೆ.

ಸೈಕಲ್ಲು ಎಂದು ಒತ್ತಿ ಹೇಳಲು ಕಾರಣವಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತ ವಯಸ್ಸಿನವನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪಾಲಕ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಕಾರಾಗೃಹ ಮತ್ತು 25,000 ರೂಪಾಯಿ ದಂಡವುಂಟು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು. ‘ನನಗೆ ತಿಳಿಯದೆ ಒಯ್ದ’ ಎಂಬುದನ್ನು ರುಜುವಾತುಪಡಿಸುವ ಹೊಣೆ ಪಾಲಕನದೇ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು 189ನೆಯ ಕಲಮಿನಂತೆ ಬೇರೆಯೇ ಅಪರಾಧ. ಊರಿಂದೂರಿಗೆ ಹೋಗುವ ರಸ್ತೆಯಲ್ಲಿ ಬೈಕು ಹಾರಿಸಿ ಮೊಬೈಲಿನಲ್ಲಿ ಚಿತ್ರೀಕರಿಸುವ ಹುಡುಗರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ತಯಾರಿಸುತ್ತಿರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅಂಥ ಇಲೆಕ್ಟ್ರಾನಿಕ್ ದಾಖಲೆಯನ್ನು ಪ್ರಮಾಣಪತ್ರದೊಡನೆ ಹಾಜರುಪಡಿಸುವ ಬಗೆಯನ್ನು ಹೇಳುತ್ತದೆ.

ಕಾನೂನಿನ ಒಳಗಿನ ದಾರಿ ಬೇರೆಯಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಒಂಟಿ ಆಸನದ ಗಾಡಿ ತರುತ್ತಾರೆ. ಇಂಥ ಸ್ಪರ್ಧೆಗಳಲ್ಲಿ 75 ಮೀಟರ್ ನೇರ ಓಟವೂ ಸುಮಾರು 22 ಕಿಲೋಮೀಟರಿನ ಸಹನೆಯ ಓಟವೂ ಇರುತ್ತವೆ. ಅದಕ್ಕೂ ಮೊದಲು ತೀರ್ಪುಗಾರರು ಗಾಡಿಯ ವಿನ್ಯಾಸವನ್ನು ಪ್ರಶ್ನಿಸುತ್ತಾರೆ: ಈ ಸ್ಪ್ರಿಂಗನ್ನೇ ಏಕೆ ಆರಿಸಿದಿರಿ, ಆಧಾರ ತೋರಿಸಿ. ಆಗ ದಾಖಲೆ ಇಟ್ಟ ತಂಡ ಮಾತಾಡುತ್ತದೆ, ಇಡದ ತಂಡ ಚಾಲಕನ ಮುಖ ನೋಡುತ್ತದೆ.

ಇಚಲಕರಂಜಿ, ಕೊಲ್ಹಾಪುರ, ಬೆಳಗಾವಿಗಳ ಇಂಜಿನಿಯರಿಂಗ್ ಕಾಲೇಜುಗಳು ನಮ್ಮ ಮಕ್ಕಳಿಗೆ ದೂರವಲ್ಲ. ಹತ್ತನೆಯ ಇಯತ್ತೆಯ ನಂತರ ಡಿಪ್ಲೊಮಾ ಅಥವಾ ಐಟಿಐ ಹಿಡಿದವರಿಗೂ ಬಾಗಿಲು ಮುಚ್ಚಿಲ್ಲ. ಇಂಗ್ಲಿಷ್ ಬೇಕಾಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಉಪಕರಣದ ಜೊತೆ ಬರುವ ಹಾಳೆಗಳೆಲ್ಲ ಆ ಭಾಷೆಯಲ್ಲೇ ಇವೆ. ಆದರೆ ಪ್ರಯೋಗದ ವಹಿ ಕನ್ನಡದಲ್ಲಿರಲಿ. ದಿನಾಂಕ, ಗಾಳಿಯ ದಿಕ್ಕು, ಟೈರಿನ ಗಾಳಿಯ ಒತ್ತಡ, ಯಾರು ಓಡಿಸಿದರು, ಏನು ಬದಲಾಯಿಸಿದೆವು, ಇಷ್ಟನ್ನು ಪ್ರತಿ ಓಟದ ಮುಂಚೆ ಬರೆಯಬೇಕು. ಓಟ ಮುಗಿದ ಮೇಲೆ ನೆನಪಿನಿಂದ ಬರೆದ ವಹಿಯನ್ನು ನಮ್ಮ ನ್ಯಾಯಾಲಯದಲ್ಲೂ ಎದುರಿನ ವಕೀಲರು ಸುಮ್ಮನೆ ಬಿಡುವುದಿಲ್ಲ.