ತಣ್ಣೀರಿಗಿಳಿಯುವವರ ಉಡುಪು

ತುಂಗಭದ್ರಾ ಎಡದಂಡೆ ಕಾಲುವೆಯ ಜವಳಗೇರಾ ಸೀಮೆಯಲ್ಲಿ ಪುಷ್ಯಮಾಸದ ನಸುಕಿನಲ್ಲಿ ಬತ್ತದ ನಾಟಿಗಿಳಿಯುವವರನ್ನೂ, ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ನಡೆಸುವವರನ್ನೂ ನಾವು ಬಲ್ಲೆವು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಹೀರುತ್ತದೆ. ಆದುದರಿಂದ ಬಿಸಿಲನ್ನು ನೋಡಿಯಲ್ಲ, ನೀರನ್ನು ಮುಟ್ಟಿ ನೋಡಿ ಉಡುಪನ್ನು ಆರಿಸತಕ್ಕದ್ದು. ನೆನೆದ ಹತ್ತಿಬಟ್ಟೆ ಮೈಗಂಟಿ ಚಳಿಯನ್ನೇ ಹೆಚ್ಚಿಸುತ್ತದೆ. ಉಣ್ಣೆಯಾದರೋ ತೊಯ್ದರೂ ತಕ್ಕಮಟ್ಟಿಗೆ ಬೆಚ್ಚಗಿರಿಸುತ್ತದೆ. ಹಾಲುಮತದವರ ಕರಿಕಂಬಳಿಯ ಗುಣವಿದು. ಹಾಗೆಂದು ಕಂಬಳಿ ಹೊದ್ದು ಹರಿಗೋಲೇರಲಾಗದು. ನೀರಿಗೆ ಬಿದ್ದರೆ ಅದರ ಭಾರವೇ ಕೈಕಾಲು ಕಟ್ಟೀತು. ಒಳಗೆ ಉಣ್ಣೆಯ ಬನಿಯನ್ನು, ಮೇಲೆ ಗಾಳಿ ತಡೆಯುವ ತೆಳ್ಳನೆಯ ಅಂಗಿ, ಎಲ್ಲಕ್ಕೂ ಹೊರಗೆ ಲೈಫ್ ಜಾಕೆಟ್ ಲೇಸು. ಶೀತದೇಶಗಳಲ್ಲಿ ದೋಣಿ ನಡೆಸುವ ನಮ್ಮ ಮಕ್ಕಳು ತೊಡುವ ನಿಯೋಪ್ರೀನ್ ರಬ್ಬರಿನ ಉಡುಪು ಮೈಗೆ ಬಿಗಿಯಾಗಿರಬೇಕು. ಸಡಿಲವಾದರೆ ತಣ್ಣೀರು ಒಳಗೆ ಹರಿದಾಡಿ ಕೊಟ್ಟ ಹಣವೂ ವ್ಯರ್ಥ. ಒಣಬಟ್ಟೆಯ ಗಂಟೊಂದು ದಡದಲ್ಲಿಯೇ ಇರಲಿ.