ಹಸಿದವರ ಚಿತ್ರ ಮತ್ತು ಅಚೌರ್ಯ ವ್ರತ

ವೇಣೂರಿನಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ ನಿಂತಿರುವ 35 ಅಡಿ ಎತ್ತರದ ಬಾಹುಬಲಿಯನ್ನು ಅಜಿಲ ಅರಸ ತಿಮ್ಮಣ್ಣಾಜಿಲನು 1604ರಲ್ಲಿ ಪ್ರತಿಷ್ಠಾಪಿಸಿದನು. 2024ರ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಅರಿಶಿನ, ಚಂದನಗಳ ಧಾರೆ ಮೇಲಿನಿಂದ ಇಳಿದಂತೆಲ್ಲ ಕೆಳಗಿನ ಜನಸಾಗರದಲ್ಲಿ ಮೊಬೈಲ್‌ಗಳು ಮೇಲೆದ್ದವು. ಅದರಲ್ಲಿ ದೋಷವೇನೂ ಇಲ್ಲ. ರಾಜ್ಯ, ವಸ್ತ್ರ, ಅಭಿಮಾನ ಎಲ್ಲವನ್ನೂ ತಾನಾಗಿ ತೊರೆದು ನಿಂತವನಿಂದ ಯಾರೂ ಏನನ್ನೂ ಕಸಿಯಲಾರರು. ಆದರೆ ಅನ್ನ, ಬಟ್ಟೆ, ಮನೆ, ಊರುಗಳನ್ನು ವಿಧಿಯಿಲ್ಲದೆ ಕಳೆದುಕೊಂಡವನ ಮುಂದೆ ಅದೇ ಕ್ಯಾಮೆರಾ ಏಳುವಾಗ ಪ್ರಶ್ನೆಯೇ ಬೇರೆಯಾಗುತ್ತದೆ. ತ್ಯಾಗದ ದಿಗಂಬರತ್ವ ಬೇರೆ, ದಾರಿದ್ರ್ಯದ ಬೆತ್ತಲೆ ಬೇರೆ.

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಕಳವನ್ನು ವಿವರಿಸಲು ಜೈನಾಚಾರ್ಯರು ಬಳಸಿದ ಪದ ‘ಅದತ್ತಾದಾನ’. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಎಂದು ಅದರ ಅರ್ಥ. ಇಲ್ಲಿ ವಸ್ತುವಿನ ಬೆಲೆ ಗಣನೆಗೆ ಬರುವುದಿಲ್ಲ. ಒಡೆಯನು ಕೊಟ್ಟನೇ, ಇಲ್ಲವೇ ಎಂಬುದೊಂದೇ ವಿಚಾರ. ಹಸಿವಿನಿಂದ ಕುಸಿದವನ ಮುಖಕ್ಕೆ ಅವನೇ ಒಡೆಯನಲ್ಲವೇ? ಅವನು ಅದನ್ನು ಕೊಟ್ಟನೇ?

ಕನ್ನಡ ನಾಡಿನ ಮಟ್ಟಿಗೆ ಈ ಪ್ರಶ್ನೆ ಮೊದಲು ಎದುರಾದದ್ದು 1876–78ರ ಮಹಾಕ್ಷಾಮದಲ್ಲಿ ಎನ್ನಬಹುದು. ಧಾತು, ಈಶ್ವರ ಸಂವತ್ಸರಗಳ ಆ ಬರ ಬಳ್ಳಾರಿಯನ್ನೂ ಮೈಸೂರು ಸೀಮೆಯನ್ನೂ ಬರಿದು ಮಾಡಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಊರು ಬಿಟ್ಟವರು ಗಂಜಿಕೇಂದ್ರಗಳನ್ನು ಅರಸಿ ಪಟ್ಟಣಗಳ ಕಡೆಗೆ ನಡೆದರು. ಆ ಕಾಲದಲ್ಲಿ ಮದರಾಸು ಸೇನೆಯ ಅಧಿಕಾರಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಕ್ಷಾಮಪೀಡಿತರ ಛಾಯಾಚಿತ್ರಗಳನ್ನು ತೆಗೆದನು. ಮೂಳೆಗಳ ಮೇಲೆ ಚರ್ಮವಷ್ಟೇ ಉಳಿದ ಗಂಡಸರು, ಹೆಂಗಸರು, ಮಕ್ಕಳನ್ನು ಕ್ಯಾಮೆರಾದೆದುರು ಸಾಲಾಗಿ ಕೂರಿಸಿ, ನಿಲ್ಲಿಸಿ ತೆಗೆದ ಚಿತ್ರಗಳವು. ಆಗಿನ ಗಾಜಿನ ಫಲಕದ ವಿಧಾನದಲ್ಲಿ ಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ ಎದುರಿಗಿದ್ದವರು ಅಲುಗಾಡದೆ ಇರಬೇಕಾಗಿತ್ತು. ನಿಲ್ಲಲೂ ತ್ರಾಣವಿಲ್ಲದವರಿಗೆ ಅಲುಗಾಡಬೇಡಿರೆಂದು ಹೇಳಿದ್ದನ್ನು ಊಹಿಸಿದರೆ ಸಾಕು. ಹೂಪರನ ಹೆಸರು ಇತಿಹಾಸದಲ್ಲಿ ಉಳಿಯಿತು. ಅವರಲ್ಲಿ ಒಬ್ಬರ ಹೆಸರೂ ಉಳಿಯಲಿಲ್ಲ. ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳಿಗೆ ಗುಂಡಿಕ್ಕುವ ಕ್ಷಣವನ್ನು ಚಿತ್ರೀಕರಿಸಲು ಹೊರಟು, ಇಂಗ್ಲೆಂಡಿನವರೆಗೂ ಸುದ್ದಿಯಾಗಿ ವಿಚಾರಣೆಗೆ ಗುರಿಯಾದನು.

ಆದರೆ ಬರವನ್ನು ಚಿತ್ರಿಸುವುದೇ ತಪ್ಪೆಂದು ಜೈನ ಪರಂಪರೆ ಎಂದೂ ಹೇಳಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹುಗಳು ಮುಂದಾಗಿಯೇ ತಿಳಿಸಿದರೆಂದೂ ಮುನಿಸಂಘವು ಉತ್ತರವನ್ನು ಬಿಟ್ಟು ದಕ್ಷಿಣಕ್ಕೆ ನಡೆಯಿತೆಂದೂ ಅದು ಹೇಳುತ್ತದೆ. ಅದೇ ಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಭದ್ರಬಾಹು, ಚಂದ್ರಗುಪ್ತರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಲಾಗಿದೆ. ಶಿಲ್ಪಿ ದಾಸೋಜನ ಹೆಸರೂ ಅಲ್ಲಿದೆ. ‘ವಡ್ಡಾರಾಧನೆ’ಯೂ ಈ ಕಥೆಯನ್ನು ಬಿಟ್ಟಿಲ್ಲ. ವಲಸೆಯ ನೆನಪಿನ ಮೇಲೆಯೇ ಕರ್ನಾಟಕದ ಜೈನ ಧರ್ಮ ನೆಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ದುಃಖವನ್ನು ಕಾಣದವನಲ್ಲಿ ಅನುಕಂಪೆ ಹುಟ್ಟುವುದಾದರೂ ಹೇಗೆ? 1877ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕ್ಷಾಮಪರಿಹಾರಕ್ಕೆ ಕಾದು ನಿಂತವರ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ವರ್ಷ ಅಲ್ಲಿ ಪರಿಹಾರ ನಿಧಿಯೂ ಕೂಡಿತು. ಕಂಡದ್ದರಿಂದಲೇ ಕೊಡುವವರೂ ಇದ್ದಾರೆ.

ಹಾಗಾದರೆ ಗೆರೆ ಎಲ್ಲಿದೆ? 1993ರಲ್ಲಿ ಸುಡಾನಿನ ಬರದಲ್ಲಿ ಕೆವಿನ್ ಕಾರ್ಟರ್ ತೆಗೆದ ಚಿತ್ರವನ್ನು ಬಹುಜನರು ಬಲ್ಲರು. ನೆಲಕ್ಕೆ ಬಾಗಿದ ಮಗು, ಹಿಂದೆ ಕಾದು ಕುಳಿತ ರಣಹದ್ದು. ಚಿತ್ರ ಅಚ್ಚಾದೊಡನೆ ಓದುಗರು ಪತ್ರಿಕೆಯನ್ನು ಕೇಳಿದ ಪ್ರಶ್ನೆ ಒಂದೇ: ಆ ಮಗು ಏನಾಯಿತು? ಹದ್ದನ್ನು ಓಡಿಸಲಾಯಿತು, ಮಗು ಚೇತರಿಸಿಕೊಂಡು ಮುಂದೆ ಸಾಗಿತು, ಆದರೆ ಕೇಂದ್ರವನ್ನು ತಲುಪಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ಉತ್ತರಿಸಬೇಕಾಯಿತು. ಕಾರ್ಟರ್ 1994ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದು, ಅದೇ ವರ್ಷದ ಜುಲೈಯಲ್ಲಿ ಪ್ರಾಣ ಕಳೆದುಕೊಂಡನು. ಅವನೊಬ್ಬನನ್ನೇ ದೂಷಿಸುವುದು ಸುಲಭ, ನ್ಯಾಯವಲ್ಲ.

ಏಕೆಂದರೆ ಅಚೌರ್ಯದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಕಳ್ಳನೊಬ್ಬನ ಬಳಿಗೆ ನಿಲ್ಲುವುದಿಲ್ಲ. ಕಳವಿಗೆ ಪ್ರೇರಿಸುವುದು ‘ಸ್ತೇನಪ್ರಯೋಗ’. ಕದ್ದು ತಂದುದನ್ನು ಸ್ವೀಕರಿಸುವುದು ‘ತದಾಹೃತಾದಾನ’. ಒಂದರ ಬದಲು ಅದನ್ನು ಹೋಲುವ ಇನ್ನೊಂದನ್ನು ತೋರಿಸಿ ನಡೆಸುವ ವ್ಯವಹಾರ ‘ಪ್ರತಿರೂಪಕ ವ್ಯವಹಾರ’. ಇನ್ನೂ ಘೋರವಾದ ಚಿತ್ರ ಬೇಕೆಂದು ಕೇಳುವ ಸಂಪಾದಕ, ಬೆಳಗಿನ ಕಾಫಿಯೊಡನೆ ಅದನ್ನು ನೋಡಿ ನಿಟ್ಟುಸಿರಿಟ್ಟು ಹಾಳೆ ಮಗುಚುವ ಓದುಗ, ಎಲ್ಲಿಯದೋ ಹಳೆಯ ಚಿತ್ರವನ್ನು ಇಂದಿನದೆಂದು ಹಂಚುವ ಮೊಬೈಲ್ ಬಳಕೆದಾರ: ಮೂವರಿಗೂ ಆ ಪಟ್ಟಿಯಲ್ಲಿ ಸ್ಥಳವಿದೆ. ಇದಕ್ಕೆ ಎದುರಾಗಿ, 1943ರ ಬಂಗಾಳದ ಕ್ಷಾಮದಲ್ಲಿ ಹಳ್ಳಿಹಳ್ಳಿ ನಡೆದ ಚಿತ್ರಕಾರ ಚಿತ್ತಪ್ರಸಾದರು ತಾವು ಬರೆದ ಜನರ ಹೆಸರು, ಊರು, ಕಥೆಗಳನ್ನೂ ಚಿತ್ರದೊಡನೆ ದಾಖಲಿಸಿದರು. ಹೆಸರು ಕೇಳಬೇಕಾದರೆ ಹತ್ತಿರ ಕುಳಿತುಕೊಳ್ಳಬೇಕು. ಕುಳಿತವನಿಗೆ ಮಾತ್ರ ಎದುರಿನವನು ಏನನ್ನಾದರೂ ಕೊಟ್ಟಾನು.

2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಕಡೆ ನೆರೆ ಬಂದು, ಗುಡ್ಡ ಜರಿದು ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳನ್ನು ಸೇರಿದವು. ಇಂತಹ ಪ್ರತಿಯೊಂದು ಸಂಕಟದಲ್ಲೂ ಅಕ್ಕಿಯ ಚೀಲದ ಒಂದು ತುದಿಯನ್ನು ಕೊಡುವವನೂ ಇನ್ನೊಂದು ತುದಿಯನ್ನು ಪಡೆಯುವವನೂ ಹಿಡಿದು ನಿಂತ ಫೋಟೋ ಈಗ ಎಲ್ಲೆಡೆ ರೂಢಿಯಾಗಿದೆ. ದಾತೃವಿನ ಗುಣಗಳಲ್ಲಿ ‘ಅಲುಬ್ಧತೆ’ಯೂ ಒಂದು: ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನೂ ಬಯಸದಿರುವುದು. ಅಕ್ಕಿಗೆ ಬದಲಾಗಿ ಮುಖವನ್ನು ಪಡೆದರೆ ಅದು ವಿನಿಮಯವಾಯಿತು.

ಆಹಾರದಾನದ ವಿಧಿಯಲ್ಲಿ ಶ್ರಾವಕನು ಬಾಗಿಲಲ್ಲಿ ನಿಂತು ಮುನಿಗಳನ್ನು ವಿನಯದಿಂದ ಆಹ್ವಾನಿಸುತ್ತಾನೆ. ಅವರು ಮನಸ್ಸಿನಲ್ಲಿ ಧರಿಸಿದ ನಿಯಮ ಕೂಡಿಬರದಿದ್ದರೆ ಮಾತಿಲ್ಲದೆ ಮುಂದೆ ಸಾಗುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ, ಬೆನ್ನಟ್ಟುವುದಿಲ್ಲ. ಪರಿಹಾರ ಕೇಂದ್ರದ ಮೂಲೆಯಲ್ಲಿ ಕುಳಿತ ಹೆಂಗಸು ಕ್ಯಾಮೆರಾವನ್ನು ಕಂಡು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಅದೂ ಮಾತಿಲ್ಲದ ಉತ್ತರವೇ. ವರದಿಗೆ ಚಿತ್ರ ಬೇಕೇ ಬೇಕೆಂದಾದರೆ ಹೊಳೆ ಕೊಚ್ಚಿದ ಅಡಿಕೆ ತೋಟವಿದೆ, ಕೆಸರು ತುಂಬಿದ ಅಡುಗೆಮನೆಯಿದೆ, ಮುರಿದ ಕಾಲುಸಂಕವಿದೆ.