ಒಂದು ಟನ್ ಹಸಿ ಕಸ, ಎಷ್ಟು ಕಿಲೊ ಮೀಥೇನ್?

ಚನ್ನಗಿರಿಯ ಮನೆ, ಹೋಟೆಲ್, ಸಂತೆಗಳಿಂದ ಬಂದ 1 ಟನ್ ಹಸಿ ಕಸವನ್ನು ಊರಾಚೆ ಸುರಿದರೆ ಎಷ್ಟು ಮೀಥೇನ್ ಹೊರಡುತ್ತದೆ? ಗುಡ್ಡೆಗೆ ಮೀಟರ್ ಕೂರಿಸಬೇಕಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2006ರಲ್ಲಿ ಕೊಟ್ಟ ಸೂತ್ರವಿದೆ. ಗುಣಾಕಾರ ಬಂದರೆ ಸಾಕು.

ಆಹಾರದ ಕಸದ ತೂಕದಲ್ಲಿ ಕೊಳೆಯಬಲ್ಲ ಇಂಗಾಲ ಶೇ 15, ಅಂದರೆ 150 ಕೆ.ಜಿ. ಅದರಲ್ಲಿ ಅರ್ಧ, 75 ಕೆ.ಜಿ. ಮಾತ್ರ ನಿಜಕ್ಕೂ ಕೊಳೆಯುತ್ತದೆ. ಹುಟ್ಟುವ ಅನಿಲದಲ್ಲಿ ಅರ್ಧ ಮೀಥೇನ್, ಉಳಿದರ್ಧ ಇಂಗಾಲದ ಡೈಆಕ್ಸೈಡ್. ಹಾಗಾಗಿ ಮೀಥೇನ್ ಪಾಲಿಗೆ 37.5 ಕೆ.ಜಿ. ಇಂಗಾಲ, ಜಲಜನಕವೂ ಸೇರಿದರೆ 50 ಕೆ.ಜಿ. ಅನಿಲ. ಆದರೆ ಇದು ಗಾಳಿಯಾಡದ ಗುಂಡಿಯ ಲೆಕ್ಕ. ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಆಗಿಬರದು. ಹೀಗೇ ಸುರಿದ ರಾಶಿಯ ಆಳ 5 ಮೀಟರ್ ದಾಟಿದ್ದರೆ 40 ಕೆ.ಜಿ., ಅದಕ್ಕಿಂತ ಕಡಿಮೆಯಿದ್ದರೆ ಬರೀ 20 ಕೆ.ಜಿ. ಕಸ ಅದೇ, ಉತ್ತರ ಅರ್ಧಕ್ಕರ್ಧ!

ಮಳೆ ನಿರ್ಧರಿಸುವುದು ವೇಗವನ್ನು. ವರ್ಷಕ್ಕೆ 1,000 ಮಿ.ಮೀ.ಗಿಂತ ಕಡಿಮೆ ಮಳೆಯ ಜಗಳೂರಿನಂಥ ಬರದ ಸೀಮೆಯಲ್ಲಿ ಆಹಾರದ ಕಸ ಅರ್ಧ ಕರಗಲು ಸುಮಾರು 8 ವರ್ಷ ಬೇಕು ಎನ್ನುತ್ತದೆ ಸೂತ್ರ. ಮಂಗಳೂರಿನ ಪಚ್ಚನಾಡಿಯಂಥ ಮಳೆನಾಡಿನ ರಾಶಿಗೆ 2 ವರ್ಷವೂ ಬೇಡ. ಜಗಳೂರಿನಲ್ಲಿ ಇಂದು ಸುರಿದದ್ದರ ಲೆಕ್ಕ ಮುಂದಿನ ದಶಕದಲ್ಲೂ ಮುಗಿಯದು.

ಚನ್ನಗಿರಿಗೆ ಇನ್ನೊಂದು ತೊಡಕಿದೆ: ಅಡಿಕೆ ಸಿಪ್ಪೆ. ನಾರು, ಲಿಗ್ನಿನ್ ತುಂಬಿದ ಅದು ಅನ್ನದಂತೆ ಬೇಗ ಕೊಳೆಯುವುದಿಲ್ಲ. ಅದನ್ನು ಅಡುಗೆಮನೆ ಕಸದ ಜೊತೆ ತೂಗಿ ಬರೆದುಕೊಂಡರೆ ಸೂತ್ರ ಎಷ್ಟು ಚೆನ್ನಾಗಿದ್ದರೂ ಉತ್ತರ ಸುಳ್ಳು.

ದೊಡ್ಡ ನಗರಗಳಲ್ಲೂ ಅಂದಾಜು ಎಡವಿದೆ. ದೆಹಲಿ, ಮುಂಬೈ, ಲಾಹೋರ್, ಬ್ಯೂನಸ್ ಐರಿಸ್‌ಗಳನ್ನು ಉಪಗ್ರಹದಿಂದ ನೋಡಿದ 2022ರ ಅಧ್ಯಯನವೊಂದು, ಆ ನಗರಗಳ ಮೀಥೇನ್ ಕಾಗದದ ಲೆಕ್ಕಕ್ಕಿಂತ 1.4ರಿಂದ 2.6 ಪಟ್ಟು ಹೆಚ್ಚೆಂದು ಕಂಡಿತು. ಹೊನ್ನಾಳಿ, ನ್ಯಾಮತಿಗಳ ಸಣ್ಣ ರಾಶಿ ಅಂಥ ಉಪಗ್ರಹದ ಕಣ್ಣಿಗೆ ಬೀಳುವುದು ಕಷ್ಟ. ಇಲ್ಲಿ ನೆಚ್ಚಬೇಕಾದ ಉಪಕರಣಗಳು ಕಸದ ವಾಹನ ತೂಗುವ ವೇಬ್ರಿಡ್ಜ್ ಮತ್ತು ಹಸಿ, ಒಣ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ. ಅವರ ದಾಖಲೆ ಸರಿಯಿದ್ದರಷ್ಟೇ ಸೂತ್ರಕ್ಕೆ ಬೆಲೆ.

ಇಷ್ಟೆಲ್ಲ ಲೆಕ್ಕ ಯಾಕೆ? ನೂರು ವರ್ಷದ ಲೆಕ್ಕದಲ್ಲಿ 1 ಕೆ.ಜಿ. ಮೀಥೇನ್ ಸುಮಾರು 28 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖ ಹಿಡಿಯುತ್ತದೆ. ಅದೇ 1 ಟನ್ ಹಸಿ ಕಸವನ್ನು ಗಾಳಿಯಾಡುವಂತೆ ಕಾಂಪೋಸ್ಟ್ ಮಾಡಿದರೆ ಐಪಿಸಿಸಿ ಅಂದಾಜಿನಲ್ಲಿ ಹೊರಡುವ ಮೀಥೇನ್ 4 ಕೆ.ಜಿ.